ಮಣ್ಣಿಲ್ಲದ ಬೇಸಾಯ

ಬರಿಯ ನೀರಿನಲ್ಲಿ ಬೇರು ಬಿಟ್ಟು ಬೆಳೆಯುವ ಸೊಪ್ಪು ತರಕಾರಿಗಳ ಮಾತು ಈಗ ಅಹಮದಾಬಾದು, ವಡೋದರಾ, ಸೂರತ್ತುಗಳ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಪಾರದರ್ಶಕ ಹಾಳೆ ಹೊದಿಸಿದ ಹಸುರುಮನೆ, ಒಳಗೆ ಸಾಲುಸಾಲಾಗಿ ಬಿಳಿಯ ಕೊಳವೆಗಳು, ಕೊಳವೆಯ ತೂತುಗಳಿಂದ ತಲೆಯೆತ್ತಿದ ಲೆಟ್ಯೂಸ್ ಸೊಪ್ಪು, ಇವೆಲ್ಲವನ್ನೂ ನೋಡಿಕೊಳ್ಳಲು ಒಂದು ಯಂತ್ರ. ಯಜಮಾನರು ಕೈಯಲ್ಲಿನ ಫೋನನ್ನು ನೋಡುತ್ತ ಕುಳಿತಿದ್ದರೆ ಸಾಕು ಎಂದು ಜಾಹೀರಾತುಗಳು ಸಾರುತ್ತವೆ. ನಿವೃತ್ತಿಯ ಹಣವನ್ನು ಇದರಲ್ಲಿ ತೊಡಗಿಸಬಹುದೇ ಎಂದು ಲೆಕ್ಕ ಹಾಕುವವರೂ ಉಂಟು. ಚೆಕ್ಕು ಬರೆಯುವ ಮುನ್ನ, ಇಷ್ಟು ದಿನ ಮಣ್ಣು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಮಾಡತಕ್ಕದ್ದು ಎಂಬುದನ್ನು ತಿಳಿದುಕೊಳ್ಳುವುದು ಲೇಸು.

ವಿಚಾರ ಹೊಸದೇನೂ ಅಲ್ಲ. ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ೨೦೦ ಪೌಂಡು ಒಣಮಣ್ಣಿನಲ್ಲಿ ೫ ಪೌಂಡಿನ ಒಂದು ಸಸಿ ನೆಟ್ಟು, ಐದು ವರ್ಷ ನೀರೆರೆದು ತೂಗಿ ನೋಡಿದ. ಗಿಡ ೧೬೯ ಪೌಂಡು ಆಗಿತ್ತು; ಮಣ್ಣು ಕಡಿಮೆಯಾದದ್ದು ಕೇವಲ ಎರಡು ಔನ್ಸು. ಎಲ್ಲವೂ ನೀರಿನಿಂದಲೇ ಬಂತೆಂದು ಅವನು ಬಗೆದ. ಗಾಳಿಯ ಪಾಲು ಎಷ್ಟೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ೧೮೬೦ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ಪಂಡಿತರು ಲವಣಗಳನ್ನು ಕರಗಿಸಿದ ನೀರಿನಲ್ಲಿಯೇ ಗಿಡ ಬೆಳೆಸಿ ತೋರಿಸಿದರು. ಕ್ಯಾಲಿಫೋರ್ನಿಯದ ಗೆರಿಕೆ ೧೯೩೭ರಲ್ಲಿ ಇದಕ್ಕೆ ಹೈಡ್ರೊಪಾನಿಕ್ಸ್ ಎಂಬ ಹೆಸರನ್ನು ಬಳಕೆಗೆ ತಂದ. ನಮ್ಮ ದೇಶದಲ್ಲಿಯೂ ೧೯೪೬ರಲ್ಲಿ ಶೋಲ್ಟೊ ಡಗ್ಲಾಸ್ ಎಂಬಾತ ಕಾಲಿಂಪೊಂಗಿನಲ್ಲಿ ಮರಳು ಜಲ್ಲಿ ತುಂಬಿದ ತೊಟ್ಟಿಗಳಲ್ಲಿ ಪ್ರಯೋಗ ನಡೆಸಿದ. ಅದರಲ್ಲಿ ಪಂಪೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ.

ಇನ್ನು ಮಣ್ಣಿನ ಕಡೆಗೆ ಬರೋಣ. ವಿಜಾಪುರ, ಗದಗ ಕಡೆಯಿಂದ ಬಂದವರಿಗೆ ಎರೆಮಣ್ಣಿನ ಗುಣ ಹೇಳಿಕೊಡಬೇಕಾದ್ದಿಲ್ಲ. ಮಳೆಗಾಲದಲ್ಲಿ ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳವನ್ನು ಅದು ತೆನೆಗೆ ತರುತ್ತದೆ. ಅಂಥದೇ ಮಾತು ಇಲ್ಲಿಯೂ ಉಂಟು. ಅಹಮದಾಬಾದಿನ ದಕ್ಷಿಣಕ್ಕೆ ಧೋಳಕಾ, ಧಂಧೂಕಾ ಕಡೆಯ ಭಾಲ್ ಪ್ರದೇಶದಲ್ಲಿ ನೆಲದ ಹಸಿಯನ್ನೇ ನಂಬಿ, ನೀರು ಹಾಯಿಸದೆ ಬೆಳೆಯುವ ಭಾಲಿಯಾ ಗೋಧಿ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆಯಿತು. ನೀರಷ್ಟೇ ಅಲ್ಲ, ಜೇಡಿಯ ಕಣಗಳೂ ಕೊಳೆತ ಸೊಪ್ಪುಸದೆಯೂ ಸುಣ್ಣ, ಪೊಟ್ಯಾಷಿಯಂ ಮೊದಲಾದ ಪೋಷಕಗಳನ್ನು ಹಿಡಿದಿಟ್ಟು, ಬೇರು ಬೇಡಿದಂತೆ ಬಿಟ್ಟುಕೊಡುತ್ತವೆ. ಒಕ್ಕಲಿಗ ಒಂದು ವಾರ ಊರಿಗೆ ಹೋಗಿಬಂದರೂ ಹೊಲ ಸಾಯುವುದಿಲ್ಲ.

ಕೊಳವೆಯ ಬೇಸಾಯದಲ್ಲಿ ಈ ಉಗ್ರಾಣವೇ ಇಲ್ಲ. ಬೇರಿನ ಕೆಳಗೆ ಕೆಲವೇ ಮಿಲಿಮೀಟರು ದಪ್ಪದ ನೀರು ಹರಿಯುತ್ತಿರುತ್ತದೆ, ಅಷ್ಟೆ. ಬೇಸಗೆಯ ಮಧ್ಯಾಹ್ನ ಪಂಪು ನಿಂತರೆ ಒಂದೆರಡು ತಾಸಿನಲ್ಲಿ ಸೊಪ್ಪು ತಲೆ ಬಾಗಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ: ೨೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ ಇದ್ದದ್ದು ೩೦ ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಆಗ ಬೇರು ಉಸಿರುಗಟ್ಟಿ ಕೊಳೆರೋಗಕ್ಕೆ ಎಡೆಯಾಗುತ್ತದೆ. ಎಲ್ಲ ಗಿಡಗಳಿಗೂ ಒಂದೇ ನೀರು ಸುತ್ತುವುದರಿಂದ ಒಂದಕ್ಕೆ ಬಂದ ರೋಗ ಊರಿಗೆಲ್ಲ ಬಂದಂತೆ. ಅಹಮದಾಬಾದಿನಲ್ಲಿ ೨೦೧೬ರ ಮೇ ೨೦ರಂದು ಉಷ್ಣತೆ ೪೮ ಡಿಗ್ರಿ ಮುಟ್ಟಿತ್ತೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು.

ಅದಕ್ಕಾಗಿಯೇ ಹಸುರುಮನೆಯ ಒಂದು ಗೋಡೆಗೆ ಒದ್ದೆ ಪ್ಯಾಡು, ಎದುರುಗೋಡೆಗೆ ದೊಡ್ಡ ಫ್ಯಾನು ಹಾಕಿ ಒಳಗೆ ತಂಪು ಮಾಡುತ್ತಾರೆ. ನಮ್ಮ ಮನೆಗಳಲ್ಲಿರುವ ಏರ್ ಕೂಲರಿನ ದೊಡ್ಡಣ್ಣ ಅದು, ಬೇರೇನಲ್ಲ. ಕೂಲರು ಅಹಮದಾಬಾದಿನ ಒಣ ಮೇ ತಿಂಗಳಿನಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಜುಲೈ ಬಂತೆಂದರೆ ಮೈಗೆ ಅಂಟಂಟು, ತಂಪಿಲ್ಲ. ಕಡಲಿಗೆ ಹತ್ತಿರದ ಸೂರತ್ತಿನಲ್ಲಿ ಗಾಳಿಗೆ ಮೊದಲೇ ತೇವ ಹೆಚ್ಚು; ಆದ್ದರಿಂದ ಅಲ್ಲಿ ಈ ಉಪಾಯ ಬೇಸಗೆಯಲ್ಲಿಯೂ ಅರೆಬರೆ. ಒಂದೇ ನಮೂನೆಯ ಹಸುರುಮನೆಯನ್ನು ಮೂರೂ ಊರುಗಳಿಗೆ ಮಾರಲು ಬರುವವರು ಈ ಮಾತನ್ನು ಎತ್ತುವುದಿಲ್ಲ. ನಾವೇ ಎತ್ತಿ ಕೇಳಬೇಕು.

ನೀರಿನ ಉಳಿತಾಯ ಸುಳ್ಳಲ್ಲ. ಅಮೆರಿಕದ ಆರಿಜೋನಾ ರಾಜ್ಯ ವಿಶ್ವವಿದ್ಯಾನಿಲಯದವರು ಯೂಮಾ ಎಂಬ ಬಿಸಿಲುನಾಡಿಗೆ ಅನ್ವಯಿಸಿ ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಒಂದು ಕಿಲೊ ಲೆಟ್ಯೂಸಿಗೆ ಹೊಲದಲ್ಲಿ ೨೫೦ ಲೀಟರ್ ನೀರು ಬೇಕಾದರೆ ಜಲಕೃಷಿಯಲ್ಲಿ ೨೦ ಲೀಟರ್. ಫಸಲು ಸುಮಾರು ಹನ್ನೊಂದು ಪಟ್ಟು. ಜಾಹೀರಾತುಗಳು ಇಲ್ಲಿಗೆ ನಿಲ್ಲಿಸುತ್ತವೆ. ಅದೇ ಲೆಕ್ಕದ ಮುಂದಿನ ಸಾಲಿನಲ್ಲಿ ಶಕ್ತಿಯ ಖರ್ಚು ಇದೆ: ಕಿಲೊ ಒಂದಕ್ಕೆ ೯೦,೦೦೦ ಕಿಲೊಜೂಲ್, ಎಂದರೆ ೨೫ ಯೂನಿಟ್ ವಿದ್ಯುತ್ತಿಗೆ ಸಮ! ಹೊಲದಲ್ಲಿ ಮೂರನೆಯ ಒಂದು ಯೂನಿಟ್ಟೂ ಇಲ್ಲ. ಹೆಚ್ಚಿನ ಪಾಲು ಬಿಸಿ ಮಾಡುವುದಕ್ಕೆ, ತಂಪು ಮಾಡುವುದಕ್ಕೆ. ಅಲ್ಲಿಯ ಅಂಕಿ ಇಲ್ಲಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೆ ವಿದ್ಯುತ್ ಬಿಲ್ಲು ಕಟ್ಟುವ ಗೃಹಿಣಿಯರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನೀರಿನ ಗುಣದ ಮಾತೂ ಇದೆ. ಗಿಡಕ್ಕೆ ಲವಣವನ್ನು ಅಳೆದು ಕೊಡುವ ಪದ್ಧತಿಯಿದು. ಟಿ.ಡಿ.ಎಸ್. ಸಾವಿರ ದಾಟಿದ ಕೊಳವೆಬಾವಿಯ ನೀರಾದರೆ, ನಾವು ಏನೂ ಹಾಕುವ ಮೊದಲೇ ಬೇಡದ ಲವಣಗಳಿಂದ ತುಂಬಿರುತ್ತದೆ. ಆರ್.ಓ. ಯಂತ್ರದಿಂದ ಶುದ್ಧಿ ಮಾಡಹೊರಟರೆ ಒಂದು ಪಾಲು ಪಡೆಯಲು ಎಷ್ಟೋ ನೀರನ್ನು ಚರಂಡಿಗೆ ಬಿಡಬೇಕು; ಉಳಿಸಿದ್ದು ಅಲ್ಲಿಗೆ ಹೋಯಿತು. ಅಹಮದಾಬಾದಿನ ಹಳೆಯ ಪೋಳ್‌ಗಳ ಮನೆಗಳಲ್ಲಿ ಅಂಗಳದಡಿ ಟಾಂಕಾ ಕಟ್ಟಿ ಮಳೆನೀರು ಶೇಖರಿಸುತ್ತಿದ್ದರಲ್ಲ, ಈ ಬೇಸಾಯಕ್ಕೆ ಅದಕ್ಕಿಂತ ಉತ್ತಮ ನೀರಿಲ್ಲ. ೫೦ ಚದರ ಮೀಟರಿನ ತಾರಸಿಯ ಮೇಲೆ ೭೫೦ ಮಿಲಿಮೀಟರು ಮಳೆ ಬಿದ್ದರೆ, ಪೋಲಾದದ್ದು ಕಳೆದು, ಮೂವತ್ತು ಸಾವಿರ ಲೀಟರ್ ದೊರೆತೀತು.

ಯಂತ್ರದ ಸಹಾಯ ಮಣ್ಣಿಲ್ಲದವರಿಗೆ ಮಾತ್ರ ಎಂದೇನೂ ಇಲ್ಲ. ವಡೋದರಾದಲ್ಲಿ ಕಚೇರಿಯುಳ್ಳ ಗುಜರಾತ್ ಗ್ರೀನ್ ರೆವಲ್ಯೂಷನ್ ಕಂಪನಿ ೨೦೦೫ರಿಂದ ಹೊಲಗಳಿಗೆ ಹನಿ ನೀರಾವರಿ ಹರಡುವ ಕೆಲಸಕ್ಕಾಗಿಯೇ ಇದೆ. ಹನಿಯ ಜೊತೆಗೆ ಗೊಬ್ಬರವನ್ನೂ ಕರಗಿಸಿ ಬಿಟ್ಟು, ತೇವ ನೋಡಿ ನಲ್ಲಿ ತೆರೆಯುವ ಸಾಧನವನ್ನು ಜೋಡಿಸಿದರೆ ನೀರೂ ಉಳಿಯುತ್ತದೆ, ಪಂಪು ಕೆಟ್ಟ ದಿನ ಮಣ್ಣೂ ಕೈ ಹಿಡಿಯುತ್ತದೆ. ದುಡ್ಡು ಹೂಡುವುದಾದರೆ ನಮ್ಮ ಒಲವು ಇತ್ತ ಕಡೆಗೇ.

ಬೆಳೆ ಯಾವುದೆಂಬುದೂ ಮುಖ್ಯ. ಲೆಟ್ಯೂಸ್, ಪಾಲಕ್, ತುಳಸಿಯ ಜಾತಿಯ ಬೇಸಿಲ್ ಕೊಳವೆಗೆ ಸರಿ; ಟೊಮ್ಯಾಟೊ, ಸೌತೆಗಳಿಗೆ ತೆಂಗಿನ ನಾರುಪುಡಿಯ ಚೀಲ ಸರಿ. ಆದರೆ ಸೂರತ್ತಿನ ಚಳಿಗಾಲದ ಉಂಧಿಯುವಿಗೆ ಬೇಕಾದ ಪಾಪಡಿ ಅವರೆ, ನೇರಿಳೆ ಬಣ್ಣದ ರತಾಳು ಗೆಡ್ಡೆ? ಅಲ್ಲಿಯ ಪೋಂಕ್, ಎಂದರೆ ನಮ್ಮ ಉತ್ತರ ಕರ್ನಾಟಕದವರ ಸೀತನಿಯನ್ನು ಕೊಡುವ ಎಳೆ ಜೋಳ? ಅವನ್ನು ಕೊಳವೆಯಲ್ಲಿ ಬೆಳೆಸಿ ಲಾಭ ಕಂಡೇವೆಂಬುದು ಕನಸು.

ಮನೆಯ ಮಟ್ಟಿಗಾದರೋ ಪಂಪಿನ ಹಂಗೇ ಬೇಡ. ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿಯವರು ಪ್ರಚಾರಕ್ಕೆ ತಂದ ಕ್ರಮದಲ್ಲಿ ಮುಚ್ಚಳವಿರುವ ಒಂದು ಬಕೆಟ್ಟು ಸಾಕು. ಒಂದು ಲೆಟ್ಯೂಸ್ ಗಿಡಕ್ಕೆ ನಾಲ್ಕೈದು ಲೀಟರ್ ಪೋಷಕ ದ್ರಾವಣ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಮೇಲೆ ಬಿಟ್ಟ ಜಾಗದಲ್ಲಿ ಬೇರು ಗಾಳಿಯಾಡುತ್ತದೆ. ಬೆಳಕು ಒಳಹೊಕ್ಕರೆ ಪಾಚಿ ಕಟ್ಟುವುದರಿಂದ ಬಕೆಟ್ಟಿಗೆ ಬಟ್ಟೆ ಸುತ್ತಬೇಕು. ಪೋಷಕವನ್ನು ಎರಡು ಸೀಸೆಗಳಲ್ಲಿ ಮಾರುತ್ತಾರೆ. ನೀರು ಬೆರೆಸದೆ ಎರಡನ್ನೂ ಒಟ್ಟಿಗೆ ಸುರಿದರೆ ಹಾಲಿಗೆ ಹುಳಿ ಹಿಂಡಿದಂತೆ ಸುಣ್ಣದ ಅಂಶ ಗರಣೆಗಟ್ಟಿ ತಳ ಸೇರುತ್ತದೆ. ನಾರುಪುಡಿಯಲ್ಲಿ ಬೆಳೆಸಬಯಸುವವರಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹುದುಗಿಸಿದ ನಾರುಪುಡಿಯನ್ನೂ ಅರ್ಕಾ ಸಸ್ಯ ಪೋಷಕ ರಸವನ್ನೂ ಸಿದ್ಧಪಡಿಸಿದ್ದಾರೆ. ಊರಿಗೆ ಹೋದವರು ವಿಚಾರಿಸಿ ತರಬಹುದು.

ದೀಪಾವಳಿಯ ಮೇಲೆ ಸಸಿ ಇಟ್ಟರೆ ಚಳಿಗಾಲವೆಲ್ಲ ಸೊಪ್ಪು. ಉತ್ತರಾಯಣದ ಎರಡು ದಿನ ಮಾತ್ರ ಬಕೆಟ್ಟುಗಳನ್ನು ತಾರಸಿಯಿಂದ ಇಳಿಸಿಡಿ. ಗಾಳಿಪಟದವರ ಕಾಲಿಗೆ ಯಾವ ಪದ್ಧತಿಯ ಬೇಸಾಯವೂ ಒಂದೇ. ಹೋಳಿ ಕಳೆಯುತ್ತಲೇ ಅವನ್ನು ತೊಳೆದು ಕವುಚಿಟ್ಟು, ಮಣ್ಣಿನ ಕುಂಡಗಳಲ್ಲಿ ಹರಿವೆ, ಬಸಳೆ ಹಚ್ಚಬಹುದು.