ಮೂರು ವೈರು, ಒಂದು ಪೆನ್ಸಿಲ್ ಸೆಲ್ಲು

ಸುರಪುರದಿಂದ ತಿಂಥಣಿ ಬ್ರಿಜ್ ಕಡೆ ಹೋಗುವ ಗಾಡಿಗಳಲ್ಲಿ ಹಾಡಿಲ್ಲದ ಗಾಡಿ ಹುಡುಕುವುದು ಕಷ್ಟ. ಹತ್ತಿ ಹೇರಿದ ಟ್ರ್ಯಾಕ್ಟರಿನಲ್ಲಿ ಹಾಡು, ಮಂದಿ ತುಂಬಿದ ಕ್ರೂಸರಿನಲ್ಲಿ ಹಾಡು, ಟಂಟಂನಲ್ಲಂತೂ ಡ್ರೈವರನಿಗಿಂತ ಸ್ಪೀಕರೇ ದೊಡ್ಡದು. ನನ್ನ ಸೆಕೆಂಡ್ ಹ್ಯಾಂಡ್ ಆಲ್ಟೊ ಒಂದೇ ಮೂಕವಾಗಿ ಓಡುತ್ತಿತ್ತು. ಡ್ಯಾಶ್‌ಬೋರ್ಡಿನ ನಡುವೆ ಖಾಲಿ ಕಿಂಡಿ, ಅದರೊಳಗೆ ವೈರಿನ ಗೊಂಚಲು. ಮೊದಲಿನ ಮಾಲೀಕರು ತಮ್ಮ ಪ್ಲೇಯರ್ ಬಿಚ್ಚಿಕೊಳ್ಳುವಾಗ ವೈರು ಸಿಕ್ಕಿಸುವ ಕಪ್ಲರನ್ನೂ ಕತ್ತರಿಸಿ ಒಯ್ದಿದ್ದರು.

"ಅಕ್ಕೋರೆ, ಶಹಾಪುರಕ್ಕ ಒಯ್ರಿ, ಒಂದ್ ತಾಸಿನಾಗ ಕುಂದರಿಸಿ ಕೊಡ್ತಾರ" ಅಂದ ನನ್ನ ಹಳೆಯ ವಿದ್ಯಾರ್ಥಿ. ಕೊಡುತ್ತಾರೆ, ಸುಳ್ಳಲ್ಲ. ಆದರೆ ಹತ್ತನೇ ತರಗತಿಗೆ ಓಮನ ನಿಯಮ ಕಲಿಸುವವಳು 12 ವೋಲ್ಟಿನ ವೈರಿಗೆ ಹೆದರಿ ಓಡಿದರೆ ಹುಡುಗರು ಏನೆಂದಾರು? "ನೀನೇ ಬಾ, ಟಾರ್ಚ್ ಹಿಡಿಯುವಿಯಂತೆ" ಅಂದೆ.

ಮೊದಲು ಅಳತೆ. ಕಾರಿನ ಪ್ಲೇಯರುಗಳ ಮುಖಕ್ಕೆ ಜರ್ಮನಿಯ ಮಾನಕ ಸಂಸ್ಥೆ 'ಡಿನ್' ಗೊತ್ತುಮಾಡಿದ ಅಳತೆಯೇ ಇವತ್ತಿಗೂ ಲೋಕವೆಲ್ಲ ನಡೆಯುತ್ತದೆ: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಅಂಗಡಿಯವರು ಇದನ್ನು ಸಿಂಗಲ್ ಡಿನ್ ಅನ್ನುತ್ತಾರೆ. ಎತ್ತರ ಇದರ ಎರಡರಷ್ಟಿದ್ದರೆ ಡಬಲ್ ಡಿನ್, ದೊಡ್ಡ ಸ್ಕ್ರೀನಿನದು. ಹಳೆ ಸಣ್ಣ ಕಾರುಗಳ ಕಿಂಡಿ ಬಹುಮಟ್ಟಿಗೆ ಸಿಂಗಲ್ಲೇ. ದೊಡ್ಡದನ್ನು ತುರುಕಲು ಡ್ಯಾಶ್‌ಬೋರ್ಡ್ ಕೊರೆಯುವವರನ್ನು ಕಂಡಿದ್ದೇನೆ. ಗಾಡಿ ಓಡಿಸುತ್ತ ಸಿನಿಮಾ ನೋಡುವ ಹುಚ್ಚಿಗೆ ಇಷ್ಟೆಲ್ಲ ಯಾಕೆ ಅಂತ ನನ್ನ ಪ್ರಶ್ನೆ.

ಕೊಳ್ಳುವಾಗ ಒಂದು ಮಾತು ಕೇಳಿ ಕೊಳ್ಳಿ. ಪೆನ್‌ಡ್ರೈವ್, ಬ್ಲೂಟೂತ್, ಎಫ್‌ಎಂ ಹೆಚ್ಚುಕಡಿಮೆ ಎಲ್ಲ ಸೆಟ್‌ನಲ್ಲೂ ಇರುತ್ತವೆ; ಅಗ್ಗದ ಹೆಚ್ಚಿನ ಸೆಟ್‌ಗಳಲ್ಲಿ ಮೀಡಿಯಂ ವೇವ್ ಇರುವುದಿಲ್ಲ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ ನಮ್ಮ ಕಡೆ ಬರುವುದು ಮೀಡಿಯಂ ವೇವಿನಲ್ಲೇ. ನಮ್ಮ ಮನೆಯವರಿಗೆ ಸಂಜೆ ರೈತರ ಕಾರ್ಯಕ್ರಮ ಕೇಳದಿದ್ದರೆ ಊಟ ಸೇರದು. ಅದಕ್ಕಾಗಿ ಮೀಡಿಯಂ ವೇವ್ ಇರುವ ಸೆಟ್ ಹುಡುಕಿ, ನಾಲ್ಕು ಕಾಸು ಹೆಚ್ಚು ಕೊಟ್ಟೇ ತಂದೆ.

ಇನ್ನು ವೈರು. ಪ್ಲೇಯರಿನ ಹಿಂದೆ ಎಷ್ಟೇ ಬಣ್ಣ ಜೋತಾಡಲಿ, ಅದಕ್ಕೆ ಜೀವ ಕೊಡುವವು ಮೂರೇ: ಹಳದಿ, ಕೆಂಪು, ಕಪ್ಪು. ಹಳದಿಗೆ ಬ್ಯಾಟರಿಯ ಕರೆಂಟು ಹಗಲು ರಾತ್ರಿ ಇರಬೇಕು. ಗಡಿಯಾರ, ಹಿಡಿದಿಟ್ಟ ಸ್ಟೇಷನ್, ನಿಲ್ಲಿಸಿದ ಹಾಡು ಇವೆಲ್ಲ ನೆನಪಿನಲ್ಲಿ ಉಳಿಯುವುದು ಅದರಿಂದಲೇ. ಹಾಡುವಾಗ ಬೇಕಾಗುವ ಶಕ್ತಿಯೂ ಅದರಿಂದಲೇ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರಬೇಕು. ಅದು ಬಾಗಿಲು ಬಡಿದು ಎಬ್ಬಿಸುವ ಆಳು ಇದ್ದಂತೆ, ದುಡಿಯುವುದೆಲ್ಲ ಹಳದಿ. ಕಪ್ಪು ಅರ್ಥ್. ಹಳದಿ-ಕೆಂಪು ಅದಲುಬದಲಾದರೆ ಕಾರು ಬಂದ್ ಮಾಡಿದಾಗಲೆಲ್ಲ ಪ್ಲೇಯರ್ ಎಲ್ಲ ಮರೆಯುತ್ತದೆ. ಎರಡನ್ನೂ ಸೇರಿಸಿ ಸುತ್ತಿದರೆ ಕೀಲಿ ತೆಗೆದರೂ ಅದು ಮಲಗುವುದಿಲ್ಲ. ಬರೀ ಒಂದು ಆಂಪಿಯರ್ ಎಳೆದರೂ ದಿನಕ್ಕೆ 24 ಆಂಪಿಯರ್-ಗಂಟೆ; ಸಣ್ಣ ಕಾರಿನ ಬ್ಯಾಟರಿ ಇರುವುದೇ ಸುಮಾರು 35. ಎರಡು ದಿನ ಬಿಟ್ಟು ಬಂದರೆ ಗಾಡಿ ನೂಕಬೇಕಾದೀತು.

ಕಪ್ಲರ್ ಸಾಬೀತಿರುವ ಕಾರಾದರೆ ಕೆಲಸ ಹಗುರ. ಆ ಮಾಡಲ್ಲಿಗೆ ಹೊಂದುವ ಕಪ್ಲರ್ ತಂದು, ಕಾರಿನ ಮೂಲ ವೈರಿಗೆ ಕತ್ತರಿ ತಾಗಿಸದೆ ಸಿಕ್ಕಿಸಿದರಾಯಿತು. ನನ್ನದು ಕತ್ತರಿಸಿದ ಗೊಂಚಲಾದ್ದರಿಂದ ಒಂದೊಂದೇ ವೈರನ್ನು ಮಾತಾಡಿಸಬೇಕಾಯಿತು. ಬಣ್ಣ ನಂಬುವಂತಿಲ್ಲ. ಕಾರಿನ ಕಂಪನಿಯ ಬಣ್ಣ ಬೇರೆ, ಪ್ಲೇಯರಿನ ಬಣ್ಣ ಬೇರೆ. ನಂಬಬೇಕಾದದ್ದು ಮಲ್ಟಿಮೀಟರನ್ನು. ತುದಿಗಳು ಒಂದಕ್ಕೊಂದು ತಾಗದಂತೆ ಅಗಲಿಸಿಟ್ಟು, ಮೀಟರಿನ ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಬರೀ ಕಬ್ಬಿಣಕ್ಕೆ ಹಿಡಿದೆ. ಕೀಲಿ ತೆಗೆದಾಗಲೂ 12.6 ವೋಲ್ಟ್ ತೋರಿಸಿದ್ದು ಹಳದಿಯ ಜೋಡಿ. ಕೀಲಿಯ ಮೊದಲ ಹಲ್ಲಿಗೆ ಎದ್ದು, ಕೀಲಿ ತೆಗೆದೊಡನೆ ಸೊನ್ನೆಗಿಳಿದದ್ದು ಕೆಂಪಿನ ಜೋಡಿ. ಲೈಟ್ ಹಾಕಿದಾಗ ಮಾತ್ರ ಎದ್ದದ್ದು ಪ್ಲೇಯರಿನ ಬಟನ್ ಬೆಳಗಿಸುವ ವೈರು.

ಉಳಿದವು ಸ್ಪೀಕರಿನವು. ಇವುಗಳನ್ನು ಕಂಡುಹಿಡಿಯಲು ಗಡಿಯಾರದಿಂದ ತೆಗೆದ ಒಂದೂವರೆ ವೋಲ್ಟಿನ ಪೆನ್ಸಿಲ್ ಸೆಲ್ ಸಾಕು. ಎರಡು ವೈರಿನ ತುದಿಯನ್ನು ಸೆಲ್ಲಿಗೆ ಒಂದು ಕ್ಷಣ ತಾಗಿಸಿದರೆ ಯಾವುದೋ ಬಾಗಿಲಲ್ಲಿ 'ಟಪ್' ಅನ್ನುತ್ತದೆ. ಜಾಲರಿ ತೆಗೆದು ಸ್ಪೀಕರಿನ ಕಾಗದದ ಮೇಲೆ ಕಣ್ಣಿಟ್ಟು ಕೂತಿದ್ದ ಹುಡುಗ "ಹೊರಗ ಬಂತ್ರಿ!" ಅಂದರೆ ಸೆಲ್ಲಿನ ಪ್ಲಸ್ ಹಿಡಿದ ವೈರೇ ಸ್ಪೀಕರಿನ ಪ್ಲಸ್. "ಒಳಗ ಹೋತ್ರಿ!" ಅಂದರೆ ತಿರುಗಾಮುರುಗಾ. ಗುರುತು ಮಾಡಿ ಚೀಟಿ ಅಂಟಿಸಿದೆವು. ಇದು ವಿಜ್ಞಾನದ ಅಕ್ಕೋರ ಹಟವಲ್ಲ. ಎಡದ ಸ್ಪೀಕರ್ ಗಾಳಿಯನ್ನು ನೂಕುವಾಗ ಬಲದ್ದು ಜಗ್ಗಿದರೆ ತಗ್ಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಭಜನೆಯ ಹಾಡಿನಲ್ಲಿ ತಾಳ ಕೇಳುತ್ತದೆ, ಡಗ್ಗಾ ಮಾಯ. ಇಂಥ ಗಾಡಿಯಲ್ಲಿ ಕೂತು "ಸೆಟ್ ಸರಿ ಇಲ್ಲ" ಎಂದು ಬೈಯುವವರು ಬಹಳ.

ಇನ್ನೊಂದು. ಹಿಂದಿನ ಕಾಲದ ಕೆಲವು ಟೇಪುಗಳಲ್ಲಿ ಸ್ಪೀಕರಿನ ಮೈನಸ್ಸನ್ನು ಕಾರಿನ ಬಾಡಿಯ ಕಬ್ಬಿಣಕ್ಕೆ ಜೋಡಿಸುತ್ತಿದ್ದರು. ಇಂದಿನ ಪ್ಲೇಯರಿನಲ್ಲಿ ಹಾಗೆ ಮಾಡಿದರೆ ಒಳಗಿನ ಐಸಿ ಸುಟ್ಟೀತು. ಪ್ರತಿ ಸ್ಪೀಕರಿನ ಎರಡೂ ವೈರು ಪ್ಲೇಯರಿಗೇ ಬರಬೇಕು.

ಗುರುತು ಮುಗಿದ ಮೇಲೆ ಹತ್ತು ನಂಬರ್ ಪಾನಾ ಹಿಡಿದು ಬ್ಯಾಟರಿಯ ಮೈನಸ್ ಬಿಚ್ಚಿಟ್ಟೆ. ಜೋಡಿಸುವ ಕೆಲಸವೆಲ್ಲ ಆಮೇಲೆ. 12 ವೋಲ್ಟ್ ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ, ಆದರೆ ಶಾರ್ಟ್ ಆದರೆ ಆ ಬ್ಯಾಟರಿ ನೂರಾರು ಆಂಪಿಯರ್ ಹರಿಸಿ ವೈರನ್ನು ಕೆಂಪಗೆ ಕಾಯಿಸುತ್ತದೆ. ಹಳದಿ ವೈರಿನಲ್ಲಿ ಫ್ಯೂಸ್ ಇರಲೇಬೇಕು. ಜೋಡಿಸಿದ ಕಡೆ ಸೋಲ್ಡರ್ ಹಾಕಿ, ಕಾಯಿಸಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ತೋಳು ತೊಡಿಸಿದೆ. ಕಪ್ಪು ಇನ್ಸುಲೇಷನ್ ಟೇಪ್ ಅಗ್ಗ ನಿಜ, ಆದರೆ ನಮ್ಮ ಬೇಸಿಗೆ 40 ಡಿಗ್ರಿ ದಾಟುವುದು. ಬಾಗಿಲು ಮುಚ್ಚಿ ಬಿಸಿಲಿಗೆ ನಿಂತ ಕಾರಿನ ಒಳಗಂತೂ ಕೇಳುವುದೇ ಬೇಡ. ಅಂಟು ಕರಗಿ ಟೇಪು ಸುರುಳಿ ಬಿಚ್ಚಿಕೊಳ್ಳುತ್ತದೆ, ಆ ಅಂಟಿಗೆ ಎರೆಹೊಲದ ಧೂಳು ಮೆತ್ತಿಕೊಳ್ಳುತ್ತದೆ. ದುಡ್ಡು ಹಾಕುವುದಿದ್ದರೆ ಸ್ಕ್ರೀನಿಗಲ್ಲ, ಈ ಜೋಡಣೆಗೆ ಹಾಕಿ.

ಅರ್ಥ್ ಕೊಡುವಲ್ಲೂ ಅಷ್ಟೇ. ಪ್ಲಾಸ್ಟಿಕ್ಕಿನಲ್ಲಿ ಕೂತ ಸ್ಕ್ರೂಗೆ ಸುತ್ತಿದರೆ ಅರ್ಥ್ ಆಗದು. ಕಾರಿನ ಬಾಡಿಗೆ ಬಿಗಿದ ಬೋಲ್ಟ್ ಸಡಿಲಿಸಿ, ಅದರಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವ ಕಬ್ಬಿಣಕ್ಕೆ ಕಪ್ಪು ವೈರು ಕೂಡಿಸಬೇಕು. ಎಕ್ಸಲರೇಟರ್ ತುಳಿದಂತೆ ಹಾಡಿನ ಹಿಂದೆ 'ಕುಂಯ್' ಎಂದು ಏರುವ ದನಿಗೆ ಬಹಳ ಸಲ ಅರ್ಥ್ ಸಡಿಲಿರುವುದೇ ಕಾರಣ.

ಡಬ್ಬಿಯ ಮೇಲೆ '60 ವ್ಯಾಟ್ × 4' ಎಂದು ದಪ್ಪಕ್ಷರದಲ್ಲಿತ್ತು. ಒಟ್ಟು 240 ವ್ಯಾಟ್. ಅದೇ ಸೆಟ್ಟಿನ ಬೆನ್ನಿಗೆ 10 ಆಂಪಿಯರ್ ಫ್ಯೂಸ್. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್. ಗುಣಿಸಿದರೆ ಫ್ಯೂಸ್ ಸತತ ತಾಳುವುದು 140 ವ್ಯಾಟ್, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಇಂಥ ಸೆಟ್‌ಗಳಿಂದ ಒಂದೊಂದು ಸ್ಪೀಕರಿಗೆ ಸ್ವಚ್ಛವಾಗಿ ಸಿಗುವುದು ಹದಿನೈದು-ಇಪ್ಪತ್ತು ವ್ಯಾಟ್. ಆಲ್ಟೊದಷ್ಟು ಸಣ್ಣ ಡಬ್ಬಿಗೆ ಅದೇ ಹೆಚ್ಚು. ಡಬ್ಬಿಯ ಅಂಕಿಯನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಹಾಡು ತುಂಬುವುದರಲ್ಲೂ ಒಂದಿಷ್ಟು ಉಪಾಯ ಬೇಕು. ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬೇರೆಯದನ್ನು ಅಗ್ಗದ ಸೆಟ್ ಓದದೇ ಹೋಗಬಹುದು. 128 ಕೆಬಿಪಿಎಸ್ ಎಂಪಿ3 ಆದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಇಂಥ ಪ್ಲೇಯರಿನಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಯಾದಗಿರಿಯಲ್ಲಿ ಮಾರುವ ವಸ್ತು ಯಾದಗಿರಿಯ ಅಕ್ಷರ ಓದದಿರುವುದಕ್ಕೆ ನನಗೆ ಸಿಟ್ಟಿದೆ. ಫೋಲ್ಡರುಗಳಿಗೆ ಅಂಕಿ ಕೊಟ್ಟೆ: 1 ತಿಂಥಣಿಯ ಮೌನೇಶ್ವರರ ಭಜನೆ ಪದ, 2 ಗೀಗೀ ಪದ, 3 ಹಳೆ ಸಿನಿಮಾ. ಹಲವು ಸೆಟ್‌ಗಳು ಹೆಸರು ನೋಡುವುದಿಲ್ಲ, ಕಾಪಿಯಾದ ಸರದಿಯಲ್ಲೇ ಹಾಡುತ್ತವೆ. ಆದ್ದರಿಂದ ಬೇಕಾದ ಸರದಿಯಲ್ಲೇ ಕಾಪಿ ಮಾಡಿ.

ಇದನ್ನೆಲ್ಲ ಓದಿ ಹೊಸ ಕಾರಿಗೆ ಸ್ಕ್ರೂಡ್ರೈವರ್ ಹಚ್ಚಬೇಡಿ. ಅದರಲ್ಲಿ ವಾರಂಟಿಯ ಮಾತಿದೆ. ಸ್ಟೀರಿಂಗಿನ ಬಟನ್ನು, ಹಿಂದಿನ ಕ್ಯಾಮೆರಾ ಎಲ್ಲ ಪ್ಲೇಯರಿಗೇ ಹೆಣೆದುಕೊಂಡಿರುತ್ತವೆ. ಹಳದಿ ಕವಚದ ವೈರು, ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರನ್ನೂ ತಾಗಿಸಬಾರದು.

ಸಂಜೆ ಸೆಟ್ ಕಿಂಡಿಗೆ ಕೂತು, ಬ್ಯಾಟರಿಯ ಮೈನಸ್ ಬಿಗಿದು ಹಾಡು ಹಚ್ಚಿದೆವು. ಹುಡುಗನ ತಲೆಯೊಳಗೆ ಬೇರೆಯದೇ ಓಡುತ್ತಿತ್ತು.

"ಅಕ್ಕೋರೆ, ನಮ್ಮ ಟ್ರ್ಯಾಕ್ಟರಿಗೂ ಹಿಂಗಾ ಕುಂದರಿಸಬಹುದಲ್ರಿ?"

"ಕುಂದರಿಸು. ಅದೂ 12 ವೋಲ್ಟೇ."

"ಮಾಮಾನ ಲಾರಿಗಿ?"

"ಲಾರಿ 24 ವೋಲ್ಟ್ ಇರ್ತದ. ಹಂಗ ಹಚ್ಚಿದ್ರ ಹೊಗಿ ಬರ್ತದ. ನಡುವ 12ಕ್ಕ ಇಳಿಸೋ ಕನ್ವರ್ಟರ್ ಹಾಕಬೇಕು. ಮದಲ ಮಾಮಾಗ ಕೇಳು, ಆಮ್ಯಾಗ ಮೀಟರ್ ಒಯ್ಯು."