ಹೊಳೆಯ ಓಟ ಅಳೆಯುವ ಸದ್ದು

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಕ್ಯುಸೆಕ್‌ಗಳ ಲೆಕ್ಕ ಶುರುವಾಗುತ್ತದೆ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯುಸೆಕ್. 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ 177.25 ಟಿಎಂಸಿ ಕಾವೇರಿ ನೀರಿನ ಲೆಕ್ಕ ನಡೆಯುವುದು ಬಿಳಿಗುಂಡ್ಲುವಿನಲ್ಲಿ. ಆದರೆ ಹರಿಯುವ ಹೊಳೆಗೆ ಅಳತೆಪಾತ್ರೆ ಹಿಡಿಯುವುದು ಹೇಗೆ?

ಹಳೆಯ ವಿಧಾನದಲ್ಲಿ ಬಟ್ಟಲುಗಳುಳ್ಳ ಚಕ್ರವೊಂದನ್ನು ನೀರಿಗಿಳಿಸಿ, ಅದರ ಸುತ್ತು ಎಣಿಸಿ ವೇಗ ತಿಳಿಯುತ್ತಾರೆ. ಅದನ್ನು ಆಳ, ಅಗಲಗಳಿಂದ ಗುಣಿಸುತ್ತಾರೆ. ನೀರಿನ ವೇಗ ದಡದಲ್ಲಿ ಒಂದು, ನಡುವೆ ಇನ್ನೊಂದು. ಆದ್ದರಿಂದ ಹತ್ತಾರು ಕಡೆ ಇದೇ ಕೆಲಸ. ಪ್ರವಾಹದಲ್ಲಂತೂ ಅಳತೆ ಮುಗಿಯುವಷ್ಟರಲ್ಲಿ ನದಿಯೇ ಏರಿಬಿಟ್ಟಿರುತ್ತದೆ!

1980ರ ದಶಕದಿಂದ ಈ ಕೆಲಸಕ್ಕೆ ಧ್ವನಿಯೂ ಬಂತು. ಕೂಗುತ್ತಾ ಹತ್ತಿರ ಬರುವ ರೈಲಿನ ಸಿಳ್ಳೆ ಕೀರಲಾಗಿಯೂ, ದೂರ ಸರಿಯುವಾಗ ದಪ್ಪವಾಗಿಯೂ ಕೇಳುವುದನ್ನು ಎಲ್ಲರೂ ಗಮನಿಸಿರುತ್ತಾರೆ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದ ತತ್ವವಿದು. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ರೈಲಿನಲ್ಲಿ ಕಹಳೆ ಊದಿಸಿ, ಹಳಿಯ ಬದಿಯಲ್ಲಿ ಸಂಗೀತಗಾರರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದ. ಖರ್ಚಿಲ್ಲದ, ಸೊಗಸಾದ ಪ್ರಯೋಗ!

ದೋಣಿಗೆ ಕಟ್ಟಿದ ಡಾಪ್ಲರ್ ಮಾಪಕ ಸಾಮಾನ್ಯವಾಗಿ ನಾಲ್ಕು ಓರೆ ದಿಕ್ಕುಗಳಿಗೆ ಶ್ರವಣಾತೀತ ಧ್ವನಿಯನ್ನು ಕಳಿಸುತ್ತದೆ. ನೀರಿನೊಂದಿಗೆ ತೇಲುವ ಹೂಳಿನ ಕಣಗಳಿಗೆ ಅದು ತಾಗಿ ಮರಳುತ್ತದೆ. ಸದ್ದು 1200 ಕಿಲೋಹರ್ಟ್ಸ್‌ನದಾಗಿದ್ದು, ಲಂಬಕ್ಕೆ 20 ಡಿಗ್ರಿ ಓರೆಯಾಗಿ ಹೊರಟಿದ್ದರೆ, ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಅದನ್ನು ಸುಮಾರು 550 ಹರ್ಟ್ಸ್‌ನಷ್ಟು ಬದಲಿಸುತ್ತದೆ. ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹಾಗಾಗಿ 4 ಮಿಲಿಸೆಕೆಂಡಿನಲ್ಲಿ ಬಂದ ಪ್ರತಿಧ್ವನಿ 3 ಮೀಟರ್ ದೂರದ್ದು. ಹೀಗೆ ಪದರ ಪದರದ ವೇಗವೂ ತಿಳಿದು, ದೋಣಿ ಆಚೆ ದಡ ಸೇರುವಷ್ಟರಲ್ಲಿ ನದಿಯ ಅಡ್ಡಸೀಳಿಕೆಯ ಬಣ್ಣದ ಚಿತ್ರ ಕಂಪ್ಯೂಟರಿನಲ್ಲಿ ಮೂಡಿರುತ್ತದೆ. ಕಣಗಳೇ ಇಲ್ಲದ ತಿಳಿನೀರಿನಲ್ಲಿ ಮಾತ್ರ ಉಪಕರಣ ಕಕ್ಕಾಬಿಕ್ಕಿ. ಕೆಸರು ಅತಿಯಾದರೂ ಕಷ್ಟವೇ, ಧ್ವನಿ ನಡುವೆಯೇ ಹೀರಿಹೋಗುತ್ತದೆ.

ಇನ್ನೊಂದು ತೊಡಕುಂಟು. ದೋಣಿಯ ಸ್ವಂತ ಚಲನೆಯನ್ನು ಮಾಪಕ ನದಿತಳದ ಪ್ರತಿಧ್ವನಿಯಿಂದ ಅರಿಯುತ್ತದೆ. ಪ್ರವಾಹದಲ್ಲಿ ತಳದ ಮರಳೇ ಜರುಗುತ್ತಿದ್ದರೆ, ನಿಂತ ದೋಣಿ ಮೇಲ್ಮುಖವಾಗಿ ಸಾಗಿದಂತೆ ಅದು ಭ್ರಮಿಸಿ ನೀರಿನ ಲೆಕ್ಕವನ್ನು ಕಡಿಮೆ ತೋರಿಸುತ್ತದೆ. ಅದಕ್ಕೇ ಅಳತೆಗೆ ಮುನ್ನ ದೋಣಿಯನ್ನು ಹೊಳೆಯ ನಡುವೆ ಕೆಲವು ನಿಮಿಷ ನಿಲ್ಲಿಸಿ ನೋಡುವುದುಂಟು. ತಳ ಜರುಗುತ್ತಿದೆಯೆಂದು ಕಂಡರೆ ಉಪಗ್ರಹಗಳ ಜಿಪಿಎಸ್ ಸಂಕೇತದಿಂದ ದೋಣಿಯ ಚಲನೆಯನ್ನು ಲೆಕ್ಕ ಹಾಕುತ್ತಾರೆ.