ಎಷ್ಟು ಟನ್ನು ಬೇಕು?

ಹವಾನಿಯಂತ್ರಕ ಕೊಳ್ಳಹೊರಟರೆ ಅಂಗಡಿಯಾತ ಮೊದಲು ಕೇಳುವುದು 'ಎಷ್ಟು ಟನ್ನು?' ಎಂದು. ಇದನ್ನು ಯಂತ್ರದ ತೂಕವೆಂದು ಭ್ರಮಿಸದಿರಿ. ಒಂದು ಟನ್ನು ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಎಷ್ಟು ಶಾಖವನ್ನು ಹೀರುವುದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಶಕ್ತಿಯಿದು; ಸುಮಾರು 3.5 ಕಿಲೋವಾಟ್.

ದೊಡ್ಡದಾದಷ್ಟೂ ಲೇಸಲ್ಲವೆ ಎನ್ನುವಿರಿ. ಮಂಗಳೂರಿನಂಥ ತೇವದ ಊರಿನಲ್ಲಿ ಅದೇ ತಪ್ಪು. ಅಳತೆ ಮೀರಿದ ಯಂತ್ರ ಕೋಣೆಯನ್ನು ಥಟ್ಟನೆ ತಣಿಸಿ ನಿಂತುಬಿಡುತ್ತದೆ. ಗಾಳಿಯ ತೇವ ತೆಗೆಯಲು ಅದಕ್ಕೆ ವೇಳೆ ಸಾಲದು. ಹಣ ಹೋಯಿತು, ಮೈಯ ಜಿಗುಟು ಹೋಗಲಿಲ್ಲ! ಇನ್ವರ್ಟರ್ ಯಂತ್ರ ವೇಗ ತಗ್ಗಿಸಿ ಓಡಬಲ್ಲದಾದರೂ ಅದಕ್ಕೂ ಮಿತಿಯುಂಟು. 10 ಅಡಿಗೆ 12 ಅಡಿಯ ಕೋಣೆಗೆ ಸಾಮಾನ್ಯವಾಗಿ ಒಂದು ಟನ್ನು ಸಾಕು. ಮೇಲೆ ಬಿಸಿಲಿಗೆ ಕಾಯುವ ತಾರಸಿಯಿದ್ದರೆ ಒಂದೂವರೆ.

ನಕ್ಷತ್ರ ಎಣಿಸುವಾಗ ಚೀಟಿಯ ಮೇಲಿನ ವರ್ಷವನ್ನೂ ನೋಡಿರಿ. ನಿಯಮ ಬಿಗಿಯಾದಾಗ ಹಳೆಯ ಐದು ಹೊಸ ನಾಲ್ಕಾಗಬಹುದು. ಐ.ಎಸ್.ಇ.ಇ.ಆರ್. ಎಂಬ ಅಂಕಿ ಹೆಚ್ಚಿದ್ದಷ್ಟೂ ಅದೇ ತಂಪಿಗೆ ಕರೆಂಟು ಕಡಿಮೆ.